ಸಹಾಯ ಬೇಕು: ಹೊಟ್ಟೆಗೆ ಹಾಕಿದ್ದ ಮಲದ ಚೀಲ ತೆಗೆದ ಮೇಲೆ ಅಪ್ಪನಿಗೆ ಮೋಷನ್ ಹಿಡಿತಕ್ಕೇ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಹತ್ತಿರದವರು. ಅಪ್ಪನಿಗೆ 62 ವರ್ಷ. ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ ಎಂಟು ತಿಂಗಳು ಹೊಟ್ಟೆಗೆ ಚೀಲ ಇತ್ತು. ಕೊಲೊಸ್ಟಮಿ (ಮಲ ಚೀಲಕ್ಕೆ ಬರಲು ಹೊಟ್ಟೆಯಲ್ಲಿ ಮಾಡಿದ್ದ ದಾರಿ) ಮುಚ್ಚಿ ಈಗ ಏಳು ವಾರ. ಚೀಲ ಹೋದರೆ ಎಲ್ಲ ಮುಗೀತು ಅಂದುಕೊಂಡಿದ್ದೆವು.

ದಿನಕ್ಕೆ ಹತ್ತು ಹನ್ನೆರಡು ಸಲ ಹೋಗುತ್ತಾರೆ. ಬೆಳಿಗ್ಗೆ ಕಾಫಿ ಕುಡಿದರೆ ಸಾಕು, ಒಂದು ಗಂಟೆಯೊಳಗೆ ಐದಾರು ಸಲ, ಪ್ರತಿ ಸಲವೂ ಚೂರೇ ಚೂರು. ಬಂತು ಅಂದರೆ ತಡೆಯಲು ಆಗುವುದಿಲ್ಲ. ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಹಾಸನಕ್ಕೆ ಚೆಕಪ್ ಇದ್ದರೆ ಹಿಂದಿನ ರಾತ್ರಿಯೇ ಊಟ ಬಿಡುತ್ತಾರೆ. ಬಸ್ಸಿಗೆ ಡೈಪರ್ ಹಾಕಿಕೊಳ್ಳಿ ಅಂದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಿಲ್ಲ.

ಹಾಲು, ಖಾರ ನಿಲ್ಲಿಸಿದೆವು. ಗಂಜಿ, ಮೊಸರನ್ನ, ಬಾಳೆಹಣ್ಣು ನಡೀತಿದೆ. ಕಾಫಿ ಮಾತ್ರ ಬಿಡಿಸಲು ಆಗಿಲ್ಲ, ಕಾಫಿ ಬೆಳೆಯುವವರಿಗೆ ಹೇಗೆ ಹೇಳೋದು! ಉರಿಗೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚುತ್ತೇವೆ. ಗುದದ್ವಾರ ಬಿಗಿಹಿಡಿದು ಬಿಡುವ ವ್ಯಾಯಾಮವನ್ನೂ ಮಾಡುತ್ತಾರೆ. ಭೇದಿ ನಿಲ್ಲಲು ಡಾಕ್ಟರ್ ಬರೆದ ಲೋಪೆರಮೈಡ್ ತಗೊಂಡರೆ ಎರಡು ದಿನ ಪೂರ್ತಿ ಬಂದ್, ಮೂರನೇ ದಿನ ಮತ್ತೆ ಅದೇ ಕಥೆ.

ಈಗ ಇಸಬ್‌ಗೋಲ್ ಕೊಟ್ಟಿದ್ದಾರೆ. ಅದು ಮಲಬದ್ಧತೆಗೆ ಅಲ್ವಾ ಅಂದೆ. ನೀರು ಹೀರಿಕೊಂಡು ಗಟ್ಟಿ ಮಾಡುತ್ತೆ ಅಂದರು. ಪ್ಯಾಕೆಟ್ ಮೇಲೆ ಲೋಟ ತುಂಬ ನೀರು ಅಂತಿದೆ, ನರ್ಸ್ ಕಡಿಮೆ ನೀರು ಅಂದರು. ಇಲ್ಲೇ ನಾನು ಸಿಕ್ಕಿಕೊಂಡಿರೋದು. ಡಾಕ್ಟರನ್ನು ಮುಂದಿನ ವಾರ ಕೇಳುತ್ತೇನೆ.

ಇದೇ ಆಪರೇಷನ್ ಆದವರು ಮನೆಯಲ್ಲಿದ್ದರೆ ಹೇಳಿ: ಇಸಬ್‌ಗೋಲನ್ನು ಎಷ್ಟು ನೀರಲ್ಲಿ, ಊಟಕ್ಕೆ ಮೊದಲೋ ಆಮೇಲೋ ತಗೊಳ್ಳಲು ನಿಮಗೆ ಹೇಳಿದ್ದರು? ದಿನಕ್ಕೆ ಮೂರ್ನಾಲ್ಕು ಸಲಕ್ಕೆ ಇಳಿಯಲು ಎಷ್ಟು ತಿಂಗಳು ಹಿಡಿಯಿತು?