ಕರಡು ಅಧಿಸೂಚನೆಗೆ ಆಕ್ಷೇಪಣೆ: ಸಹಿ ಹಾಕಿದ ಸಿದ್ಧ ಪತ್ರ ಸಾಕಾಗುತ್ತಾ?

ಹರಿಹರದವ
ಪರಿಸರ ನಿಯಮ ಸಡಿಲಿಸೋ ಕರಡು ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಸಿದ್ಧ ಪತ್ರ ಓಡಾಡುತ್ತೆ, ಸಹಿ ಹಾಕಿ ಕಳಿಸ್ತೀವಿ. ಅದಕ್ಕೆ ಬೆಲೆ ಇದೆಯಾ? ಕಾರ್ಖಾನೆ ತುಂಗಭದ್ರೆಗೆ ಬಿಡೋ ನೀರಿನ ಸ್ಯಾಂಪಲ್ ನಾವೇ ತೆಗೆದು ಲಗತ್ತಿಸಬಹುದಾ?

ದಾವಣಗೆರೆ ವಕೀಲ
ಒಂದೇ ಒಕ್ಕಣೆಯ ಸಾವಿರ ಪತ್ರ ಹೋದರೂ ಅದು ಒಂದೇ ಆಕ್ಷೇಪಣೆ ಅಂತ ಸೇರಿಸಿಬಿಡೋದು ಸುಲಭ. ಗೆಜೆಟ್ ಪ್ರಕಟಣೆಯಿಂದ ಸಾಮಾನ್ಯವಾಗಿ 60 ದಿನ ಇರುತ್ತೆ. ಅಷ್ಟರಲ್ಲಿ ಖಂಡದ ಸಂಖ್ಯೆ ಹಿಡಿದು ಬರೆಯಿರಿ: ಈಗಿನ ನಿಯಮ ಏನು, ಕರಡಿನಲ್ಲಿ ಏನಿದೆ, ಬದಲಾದರೆ ನಿಮ್ಮೂರಿಗೆ ಏನಾಗುತ್ತೆ. 2020ರ ಇಐಎ (ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅನ್ನೋ ಮುಂಗಡ ಅಂದಾಜು) ಕರಡನ್ನೇ ನೋಡಿ. ಸಾರ್ವಜನಿಕ ಅಹವಾಲಿನ, ಅಂದ್ರೆ ಯೋಜನೆ ಬಗ್ಗೆ ಊರಿನವರ ಮಾತು ಕೇಳೋ ಸಭೆಯ, ನೋಟಿಸ್ ಅವಧಿ 30 ದಿನದಿಂದ 20ಕ್ಕೆ ಇಳಿಸಲು ಹೊರಟಿತ್ತು. ಯೋಜನೆಯ ಇಐಎ ವರದಿಯಲ್ಲಿ ಕನ್ನಡದಲ್ಲಿ ಸಿಗೋದು ಸಾರಾಂಶ ಮಾತ್ರ, ಪೂರ್ತಿ ವರದಿ ಇಂಗ್ಲಿಷ್‌ನಲ್ಲಿ. ಹೊಳಲ್ಕೆರೆ ಕಡೆಯ ಗಣಿ ಗ್ರಾಮದವರು 20 ದಿನದಲ್ಲಿ ಅದನ್ನು ಓದಿಸಿ, ತಿಳ್ಕೊಂಡು ಉತ್ತರ ಸಿದ್ಧ ಮಾಡೋದು ಹೇಗೆ? ಭಾಷೆಯ ಪ್ರಶ್ನೆ ಸಣ್ಣದಲ್ಲ. ಆ ಕರಡನ್ನು 22 ಭಾಷೆಗಳಿಗೆ ಅನುವಾದಿಸಲು ದೆಹಲಿ ಹೈಕೋರ್ಟ್ ಹೇಳಿತ್ತು, ಅಂತಿಮ ಅಧಿಸೂಚನೆಗೆ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತ್ತು.

ಲ್ಯಾಬ್ ಕೆಲಸ
ಸ್ಯಾಂಪಲ್ ತೆಗೀರಿ, ಆದರೆ ಮೂರು ಕಡೆ: ಕಾರ್ಖಾನೆಯ ಕೊಳವೆ ಬಾಯಲ್ಲಿ, ನದಿಯಲ್ಲಿ ಅದಕ್ಕಿಂತ ಮೇಲ್ಭಾಗದಲ್ಲಿ, ಕೆಳಭಾಗದಲ್ಲಿ. ಮೇಲ್ಭಾಗದ್ದು ಬಿಟ್ಟರೆ "ಇದು ಊರಿನ ಚರಂಡಿ ನೀರು" ಅಂತ ಕಾರ್ಖಾನೆಯವರು ಜಾರಿಕೊಳ್ತಾರೆ. ಬಿಒಡಿ (ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳು ಬಳಸೋ ಆಮ್ಲಜನಕದ ಅಳತೆ) ಪರೀಕ್ಷೆಯ ಬಾಟಲಿಯನ್ನು ಗುಳ್ಳೆ ಉಳಿಯದ ಹಾಗೆ ತುಂಬಿ ಮುಚ್ಚಿ, ಆಮ್ಲ ಹಾಕಬೇಡಿ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬ್ ಮುಟ್ಟಿಸಿ. ಬಿಸಿಲಲ್ಲಿ ಕೂತರೆ ಸೂಕ್ಷ್ಮಜೀವಿಗಳು ಕೊಳೆಯನ್ನು ದಾರಿಯಲ್ಲೇ ತಿಂದುಬಿಡ್ತವೆ, ಅಂಕಿ ಕಡಿಮೆ ಬರುತ್ತೆ, ಲಾಭ ಕಾರ್ಖಾನೆಗೆ. ನದಿಗೆ ಬಿಡೋ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ ಬಿಒಡಿ 30, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾಗೋ ಆಮ್ಲಜನಕದ ಅಳತೆ) 250 ಮಿಲಿಗ್ರಾಂ.

ಇದು ಕೋರ್ಟಿನಲ್ಲಿ ಸಾಕ್ಷಿಯಾಗಲ್ಲ. ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಎರಡು ಪಾಲು ಮಾಡಿ, ಮೊಹರು ಹಾಕಿ ತೆಗೆದಿದ್ದೇ ನಿಲ್ಲೋದು. ನಿಮ್ಮ ಅಂಕಿ ತೋರಿಸಿ "ನೀವೇ ಬಂದು ತೆಗೀರಿ" ಅಂತ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೀರಿ.

ದಾವಣಗೆರೆ ವಕೀಲ
ಇನ್ನೊಂದು ಮಾತು. ಸಡಿಲಿಕೆ ಕರಡಿನಲ್ಲಷ್ಟೇ ಬರಲ್ಲ. 2023ರ ಜನವಿಶ್ವಾಸ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿದ್ದ 5 ವರ್ಷದವರೆಗಿನ ಜೈಲು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಇಟ್ಟಿತು. ದೊಡ್ಡ ಕಾರ್ಖಾನೆಗೆ ಇದು ಖರ್ಚಿನ ಪಟ್ಟಿಯ ಒಂದು ಸಾಲು, ನನಗೆ ಇದರ ಬಗ್ಗೆ ಸಿಟ್ಟಿದೆ. ಇಂಥ ಮಸೂದೆಗೆ 60 ದಿನದ ಆಕ್ಷೇಪಣೆ ಇರಲ್ಲ. ಸಂಸತ್ತಿನ ಸಮಿತಿಯ ಮುಂದಿರುವಾಗಲೇ ಸಂಸದರಿಗೂ ಸಮಿತಿಗೂ ಬರೀಬೇಕು.

ಮೊದಲು ಹೇಳಿದ ಸಾರ್ವಜನಿಕ ಅಹವಾಲು ಸಭೆಗೆ ಕೋರಂ ಬೇಕಿಲ್ಲ, ನಾಲ್ಕೇ ಜನ ಬಂದರೂ ನಡೆಯುತ್ತೆ. ಹಾಗಾಗಿ ಹೋಗಲೇಬೇಕು. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನೀವು ಆಡಿದ ಮಾತು ಅದರಲ್ಲಿ ಬಂದಿಲ್ಲ ಅಂದ್ರೆ ಅಲ್ಲೇ ಎದ್ದು ಹೇಳಿ, ಕ್ಯಾಮೆರಾ ಓಡ್ತಿರುತ್ತೆ.