ಆಲ್ಬಂಗೆ ‘ದಂಡೆ’ ಅನ್ನಬಹುದೇ?

ಕಾರವಾರದಲ್ಲಿ ನಮ್ಮ ಹುಡುಗರದ್ದೊಂದು ಬ್ಯಾಂಡ್ ಇದೆ. ನಾಲ್ಕು ಜನ. ಎರಡು ಗಿಟಾರ್, ಒಂದು ಡ್ರಮ್ ಸೆಟ್, ಒಂದು ಗುಮಟೆ (ನಮ್ಮ ಕಡೆಯ ಮಣ್ಣಿನ ಚರ್ಮವಾದ್ಯ). ಈ ಮಳೆಗಾಲ ಪೂರ್ತಿ ಒಬ್ಬನ ಮನೆಯ ಅಟ್ಟದಲ್ಲಿ ಕೂತು ಒಂಬತ್ತು ಹಾಡು ರೆಕಾರ್ಡ್ ಮಾಡಿದ್ದಾರೆ. ಹಂಚಿನ ಮೇಲೆ ಮಳೆ ಶುರುವಾದರೆ ಮೈಕ್ ಬಂದ್. ಮಳೆ ನಿಂತರೆ ಕಪ್ಪೆಗಳ ಸರದಿ. ಹಾಗೂ ಹೀಗೂ ಕೆಲಸ ಮುಗಿಯಿತು. ಅದರ ಹೊದಿಕೆಗೆ ಬೇಕಾದ ಕನ್ನಡ ಬರಹ ನನ್ನ ತಲೆಗೆ ಬಂದಿದೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಇದು ನಮ್ಮ ಎರಡನೆಯ...’ ಏನು?

‘ಇಂಡಿ ಫೋಕ್ ರಾಕ್’ ಎಂಬ ಮಾತನ್ನು ಮೊದಲೇ ಕೈಬಿಟ್ಟೆವು. ಕರಡು ನೋಡಿದ ನಮ್ಮ ಚಿಕ್ಕಪ್ಪ ‘ಇಂಡಿಯವರಾ? ನಿಂಬೆಹಣ್ಣಿನ ಇಂಡಿ? ಅಷ್ಟು ದೂರದಿಂದ ಬಂದರಾ?’ ಎಂದು ಕೇಳಿದರು. ಕಂಪನಿಯ ಹಂಗಿಲ್ಲದೆ ತಮ್ಮ ದುಡ್ಡಲ್ಲೇ ಹಾಡು ತರುವವರು ಎಂದು ಬಿಡಿಸಿ ಹೇಳಿದ ಮೇಲೆ ‘ಹಂಗಂದ್ರೆ ಸ್ವಂತ ಖರ್ಚಿನವರು ಅನ್ನು’ ಅಂದರು. ಅದು ಸರಿಯೇ. ಆ ಪದದ ಗೋಜು ಅಲ್ಲಿಗೆ ಮುಗಿಯಿತು.

ಆಲ್ಬಂ ಮಾತ್ರ ಬಗೆಹರಿಯುತ್ತಿಲ್ಲ. ‘ಧ್ವನಿಸುರುಳಿ’ ನನಗೆ ಇಷ್ಟದ ಪದ. ಕ್ಯಾಸೆಟ್ ಒಳಗೆ ನಿಜವಾಗಿಯೂ ಸುರುಳಿ ಇರುತ್ತಿತ್ತು. ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಈಗ ಸುರುಳಿಯೇ ಇಲ್ಲ. ಸಿಡಿ ಕಾಲದ ‘ಧ್ವನಿಸಾಂದ್ರಿಕೆ’ಯನ್ನು ನಮ್ಮ ಡ್ರಮ್ಮರ್ ಒಂದೇ ಉಸಿರಿನಲ್ಲಿ ಹೇಳಲಾರದೆ ಸೋತ. ‘ಗೀತಗುಚ್ಛ’ ಎಂದರೆ ಸನ್ಮಾನಕ್ಕೆ ಕೊಡುವ ಹೂಗುಚ್ಛ ನೆನಪಾಗುತ್ತದೆ. ‘ಸಂಕಲನ’ ಎಂದರೆ ಅಲ್ಲಿ ಇಲ್ಲಿ ಬಂದದ್ದನ್ನು ಒಟ್ಟು ಮಾಡಿದಂತೆ. ಇವರ ಒಂಬತ್ತೂ ಹಾಡು ಒಟ್ಟಿಗೇ ಹುಟ್ಟಿದವು.

ಹಾಗಾದರೆ ‘ಆಲ್ಬಂ’ ಎಂದೇ ಬಿಟ್ಟರೇನು? ಬಿಡಬಹುದು, ಅದೂ ಈಗ ಕನ್ನಡವೇ. ಆದರೆ ಆ ಪದ ಹಾಡಿಗೆ ಹೇಗೆ ಅಂಟಿತು ಎಂದು ನೋಡಿದಾಗ ನನಗೆ ಇನ್ನೊಂದು ದಾರಿ ಕಂಡಿತು. ಲ್ಯಾಟಿನ್‌ನಲ್ಲಿ ಆಲ್ಬಸ್ ಎಂದರೆ ಬಿಳಿ. ರೋಮನ್ನರು ಊರಿಗೆ ತಿಳಿಸುವ ಸುದ್ದಿ ಬರೆಯುತ್ತಿದ್ದ ಬಿಳಿ ಹಲಗೆ ಆಲ್ಬಂ. ಆಮೇಲೆ ಅದು ಚಿತ್ರ ಅಂಟಿಸುವ ಖಾಲಿ ಪುಸ್ತಕವಾಯಿತು. ನಿಮಿಷಕ್ಕೆ 78 ಸುತ್ತು ಸುತ್ತುವ ಹಳೆ ಗ್ರಾಮಫೋನ್ ತಟ್ಟೆ ಇತ್ತಲ್ಲ, ಹತ್ತಿಂಚಿನ ಅಂಥ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಮೂರು ನಿಮಿಷ. ದೊಡ್ಡ ಕೃತಿಗೆ ನಾಲ್ಕೈದು ತಟ್ಟೆ ಬೇಕಾಗುತ್ತಿತ್ತು. ಅವನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ, ಹಾಳೆಗೊಂದರಂತೆ, ಚೀಲದೊಳಗೆ ಇಟ್ಟು ಮಾರುತ್ತಿದ್ದರು. ನೋಡಲು ಥೇಟ್ ಫೋಟೋ ಆಲ್ಬಂ. 1948ರಲ್ಲಿ ಲಾಂಗ್‌ಪ್ಲೇ ತಟ್ಟೆ ಬಂದು, ಒಂದೇ ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಸಿದ ಮೇಲೆ ಪುಸ್ತಕ ಹೋಯಿತು, ಹೆಸರು ಉಳಿಯಿತು. ಅಂದರೆ ಆಲ್ಬಂ ಎಂಬುದು ಮೂಲದಲ್ಲಿ ಒಂದು ಕಟ್ಟು!

ನಮ್ಮಲ್ಲಿ ಎಲ್ಲವನ್ನೂ ಕಟ್ಟುತ್ತೇವೆ ಅಲ್ವಾ? ಮೇಳ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಗೆಜ್ಜೆ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ಗುಮಟೆಯ ಮಣ್ಣಿನ ಗಡಿಗೆಯ ಬಾಯಿಗೆ ಚರ್ಮವನ್ನೂ ಕಟ್ಟಬೇಕು. (ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಉಡ ಕೊಲ್ಲುವುದು ಈಗ ಅಪರಾಧ, ನಮ್ಮವರದು ಆಡಿನ ಚರ್ಮ. ಮಳೆಗಾಲದಲ್ಲಿ ಅದು ಸಡಿಲಾಗಿ, ಪ್ರತಿ ಹಾಡಿಗೂ ಮುಂಚೆ ಒಲೆಯ ಹತ್ತಿರ ಬೆಚ್ಚಗೆ ಮಾಡಬೇಕಾಯಿತು.) ತಾಳೆಗರಿಯೂ ಕಟ್ಟು ಕಟ್ಟಾಗಿಯೇ ಇರುತ್ತಿತ್ತು. ಹಾಗಾಗಿ ‘ಹಾಡುಗಟ್ಟು’ ಎಂದು ಬರೆದುಕೊಟ್ಟೆ. ವ್ಯಾಕರಣಕ್ಕೆ ಸರಿ, ಕಿವಿಗೆ ಯಾಕೋ ಒರಟು. ‘ಬೇಳೆಕಟ್ಟಿನ ಸಾರು ನೆನಪಾಗ್ತದೆ’ ಎಂದು ಒಬ್ಬ. ‘ಬೀಡಿ ಕಟ್ಟು’ ಎಂದು ಇನ್ನೊಬ್ಬ.

‘ದಂಡೆ’ ಬಂದದ್ದು ಆಮೇಲೆ, ಅಂಕೋಲೆಯ ಕಡೆಯಿಂದ. ಬ್ಯಾಂಡಿನವರು ಹಾಲಕ್ಕಿ ಒಕ್ಕಲಿಗ ಸಮುದಾಯದ ಒಬ್ಬ ಅಜ್ಜಿಯ ಹತ್ತಿರ ಸುಗ್ಗಿಯ ಪದವೊಂದನ್ನು ಕಲಿತಿದ್ದರು. ಹಾಡುಗಳು ಮುಗಿದ ಮೇಲೆ ಕೇಳಿಸಲು ಹೋದೆವು. ಅಜ್ಜಿ ಜಗುಲಿಯಲ್ಲಿ ಬಾಳೆನಾರಿನಿಂದ ಅಬ್ಬಲಿಗೆ ಹೂ ಕಟ್ಟುತ್ತಿದ್ದರು. ಒಂಬತ್ತೂ ಹಾಡು ಕೇಳಿದರು, ಕೈ ಮಾತ್ರ ನಿಲ್ಲಲಿಲ್ಲ. ಕೊನೆಗೆ ಹೇಳಿದ್ದು ಒಂದೇ ಮಾತು: ‘ಒಂದ್ ದಂಡೆಗಾಯ್ತಲ!’

ಕರಾವಳಿಯ ಈ ಕಡೆ ದಂಡೆ ಎಂದರೆ ಮುಡಿಗೆ ಮುಡಿಯುವ ಹೂವಿನ ಸರ ಎಂದು ಬೇರೆ ಊರಿನವರಿಗೆ ಹೇಳಬೇಕಾಗಬಹುದು. ಮಾಲೆ ಬೇರೆ, ದಂಡೆ ಬೇರೆ. ಮಾಲೆ ಎಂದರೆ ಪುಸ್ತಕಮಾಲೆ, ಉಪನ್ಯಾಸಮಾಲೆಯ ಹಾಗೆ ಮುಂದೆ ಬೆಳೆಯುತ್ತ ಹೋಗಬಹುದು. ದಂಡೆ ಒಂದು ತಲೆಗೆ ಆಗುವಷ್ಟು. ಯಾವ ಹೂವಿನ ಪಕ್ಕ ಯಾವುದು, ನಡುವೆ ಎಲ್ಲಿ ಹಸಿರು ಎಲೆ ಎಂಬ ಲೆಕ್ಕ ಕಟ್ಟುವವರಿಗೆ ಇರುತ್ತದೆ. ನಮ್ಮವರು ಹಾಡಿನ ಸರದಿಗಾಗಿ ಎರಡು ವಾರ ಜಗಳವಾಡಿದ್ದೂ ಇದೇ ಲೆಕ್ಕಕ್ಕೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ಲ, ಅದರ ಮೇಲೊಂದು ಹಾಡಿದೆ. ಅದರ ಬೆನ್ನಿಗೇ ಕುಣಿಯುವ ಹಾಡು ಬರಬಾರದು ಎಂದು ಗುಮಟೆಯವನ ಹಟ. ನಡುವೆ ಬರೀ ಗಿಟಾರಿನ ಒಂದು ಸಣ್ಣ ತುಣುಕು ಇಟ್ಟರು. ಅದೇ ಹಸಿರು ಎಲೆ.

ಮೇಲಾಗಿ ದಂಡೆ ಎಂದರೆ ದಡವೂ ಹೌದು. ಕಡಲ ದಂಡೆಯವರ ಹಾಡಿಗೆ ಇದಕ್ಕಿಂತ ಚಂದದ ಹೆಸರು ಸಿಕ್ಕೀತೇ ಎಂದು ನನಗೆ ಖುಷಿ. ಆದರೆ ತೊಡಕೂ ಇಲ್ಲೇ ಇದೆ. ಹೂವಿನ ದಂಡೆ ಗೊತ್ತಿಲ್ಲದ ಊರಿನವರು ‘ನಮ್ಮ ಎರಡನೆಯ ದಂಡೆ’ ಎಂದು ಓದಿದರೆ ಹೊಳೆಯ ಆಚೆ ದಡ ಅಂದುಕೊಳ್ಳುವುದಿಲ್ಲವೇ? ಡ್ರಮ್ಮರನ ಚಿಂತೆ ಬೇರೆ: ‘ಒಂದು ಏತ್ವ ಬಿಟ್ಟುಹೋದರೆ ಹಾಕಿದ ದುಡ್ಡೆಲ್ಲ ದಂಡ ಅಂತ ಅಚ್ಚಾಗ್ತದೆ.’ ‘ಹಾಡುದಂಡೆ’ ಎಂದು ಜೋಡಿಸಿದರೆ ಗೊಂದಲ ಕಡಿಮೆ ಅನ್ನಿಸುತ್ತದೆ. ಬಿಡಿಯಾಗಿ ‘ದಂಡೆ’ ಅನ್ನುವಾಗಿನ ಹಗುರ ಮಾತ್ರ ಹೋಗುತ್ತದೆ.

ಜೊತೆಗೆ ಇನ್ನೊಂದು ಸಣ್ಣ ಅನುಮಾನ. ಹೆಸರುಗಳ ಪಟ್ಟಿಯಲ್ಲಿ ‘ಹಾಡಿದವರು’ ಎಂದು ಬರೆದಿದ್ದೆ. ಅಜ್ಜಿಯ ಮನೆಯಲ್ಲಿ ಯಾರೂ ಪದ ಹಾಡುವುದಿಲ್ಲ, ಪದ ಹೇಳುತ್ತಾರೆ. ಯಕ್ಷಗಾನದ ಭಾಗವತರೂ ಪದ್ಯ ಹೇಳುವವರೇ. ಆ ಒಂದು ಹಾಡಿನ ಮುಂದೆ ‘ಪದ ಹೇಳಿಕೊಟ್ಟವರು’ ಎಂದು ಅಜ್ಜಿಯ ಹೆಸರನ್ನೂ, ‘ಹೇಳಿದವರು’ ಎಂದು ಹುಡುಗರ ಹೆಸರನ್ನೂ ಹಾಕಲು ನನಗೆ ಮನಸ್ಸಿದೆ. ಬೆಂಗಳೂರಿನ ಓದುಗರು ಇದನ್ನು ‘ಮಾತಿನಲ್ಲಿ ಹೇಳಿದವರು’ ಎಂದು ತಿಳಿಯುತ್ತಾರಾ? ‘ಹಾಡು ಹೇಳು’ ಎಂಬ ಬಳಕೆ ಎಲ್ಲ ಕಡೆಯೂ ಇದೆಯಲ್ಲ, ತಿಳಿಯಲಿಕ್ಕಿಲ್ಲ ಎಂಬುದು ನನ್ನ ಅಂದಾಜು.

ನಿಮ್ಮ ಊರಿನಲ್ಲಿ ಹೂವಿನ ಸರಕ್ಕೆ ಏನನ್ನುತ್ತಾರೆ? ದಂಡೆ ಎಂಬ ಮಾತು ಘಟ್ಟದ ಮೇಲೆ, ಶಿರಸಿ, ಸಿದ್ದಾಪುರ, ಸಾಗರದ ಕಡೆ ಯಾವ ಅರ್ಥದಲ್ಲಿ ಓಡಾಡುತ್ತದೆ? ಊರಿನ ಹೆಸರು ಸೇರಿಸಿ ಹೇಳಿದರೆ ಒಳ್ಳೆಯದು. ಹೊದಿಕೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ. ಸದ್ಯಕ್ಕೆ ಆ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿದ್ದೇನೆ.