ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಆದರೂ ಡಿಮಾರ್ಕ್ ಫೇಲ್ ಯಾಕೆ?

ಪ್ರಶ್ನೆ:
ಸ್ವಂತ ಡೊಮೇನ್‌ನ ಇನ್‌ಬಾಕ್ಸ್ ಒಂದು ಮೇಲ್ ಸರ್ವಿಸ್‌ನಲ್ಲಿದೆ. ವೆಬ್‌ಸೈಟ್‌ನ ಕಾಂಟ್ಯಾಕ್ಟ್ ಫಾರಂ ಇನ್ನೊಂದು ಸರ್ವಿಸ್ ಮೂಲಕ ಮೇಲ್ ಕಳಿಸುತ್ತದೆ. ಇನ್‌ಬಾಕ್ಸ್‌ನಿಂದ ಹೋದದ್ದು ಸರಿಯಾಗಿ ತಲುಪುತ್ತದೆ, ಫಾರಂನದ್ದು ಸ್ಪ್ಯಾಮ್‌ಗೆ ಬೀಳುತ್ತದೆ. ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿದರೆ ಎಸ್‌ಪಿಎಫ್ (ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎರಡೂ ಪಾಸ್, ಡಿಮಾರ್ಕ್ (ನಕಲಿ ಫ್ರಮ್ ವಿಳಾಸ ತಡೆಯುವ ಪರೀಕ್ಷೆ) ಮಾತ್ರ ಫೇಲ್. ಎರಡೂ ಸರ್ವಿಸ್‌ಗೆ ಒಂದೊಂದು ಎಸ್‌ಪಿಎಫ್ ರೆಕಾರ್ಡ್ ಹಾಕಿದ್ದೇನೆ. ಇನ್ನೇನು ಬೇಕು?

ಉತ್ತರ 1:
ಪಾಸ್ ಆಗಿರುವುದು ನಿಮ್ಮ ಡೊಮೇನ್ ಅಲ್ಲ, ಆ ಸರ್ವಿಸ್‌ನದ್ದು. ಎಸ್‌ಪಿಎಫ್ ನೋಡುವುದು ರಿಟರ್ನ್-ಪಾತ್‌ನ (ತಲುಪದ ಮೇಲ್ ವಾಪಸ್ ಬರುವ ವಿಳಾಸ) ಡೊಮೇನ್ ಅನ್ನು, ಓದುವವರಿಗೆ ಕಾಣುವ ಫ್ರಮ್ ಅನ್ನಲ್ಲ. ಡಿಕಿಮ್ ಸಹಿ ಯಾರದ್ದು ಎಂಬುದು ಹೆಡರ್‌ನ 'ಡಿ' ಟ್ಯಾಗ್‌ನಲ್ಲಿರುತ್ತದೆ. ಇವೆರಡರಲ್ಲಿ ಒಂದಾದರೂ ಪಾಸ್ ಆಗಿ, ಫ್ರಮ್ ಡೊಮೇನ್‌ಗೆ ಹೊಂದಿಕೊಂಡರೆ ಮಾತ್ರ ಡಿಮಾರ್ಕ್ ಒಪ್ಪುತ್ತದೆ. ಫಾರಂ ಸರ್ವಿಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಡೊಮೇನ್ ಆಥೆಂಟಿಕೇಶನ್' ಎಂಬಂಥದ್ದು ಇರುತ್ತದೆ. ಅಲ್ಲಿ ಕೊಡುವ ಸಿನೇಮ್ (CNAME, ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ) ರೆಕಾರ್ಡ್‌ಗಳನ್ನು ನಿಮ್ಮ ಡೊಮೇನ್‌ನ ಡಿಎನ್‌ಎಸ್‌ಗೆ ಸೇರಿಸಿ. ಆಮೇಲೆ ಸಹಿ ನಿಮ್ಮ ಹೆಸರಲ್ಲೇ ಬೀಳುತ್ತದೆ.

ಇನ್ನೊಂದು: ಫಾರಂ ತುಂಬಿದವರ ವಿಳಾಸವನ್ನು ಫ್ರಮ್‌ನಲ್ಲಿ ಹಾಕಲೇಬೇಡಿ. ಫ್ರಮ್ ನಿಮ್ಮದಿರಲಿ, ಅವರದ್ದು ರಿಪ್ಲೈ-ಟು ಆಗಲಿ.

ಉತ್ತರ 2:
ಎರಡು ಎಸ್‌ಪಿಎಫ್ ರೆಕಾರ್ಡ್ ಇರುವುದೇ ದೊಡ್ಡ ತೊಂದರೆ. ಒಂದು ಹೆಸರಿಗೆ ಒಂದೇ ಇರಬೇಕು, ಎರಡಿದ್ದರೆ ಫಲಿತಾಂಶ ಪರ್ಮ್‌ಎರರ್ (ರೆಕಾರ್ಡ್‌ನಲ್ಲೇ ತಪ್ಪಿದೆ ಎಂದರ್ಥ). ಇನ್‌ಬಾಕ್ಸ್ ಮೇಲ್‌ನ ಹೆಡರ್ ತೆಗೆದು ನೋಡಿ, ಅಲ್ಲಿ ಅದೇ ಕಾಣುತ್ತದೆ. ಸದ್ಯ ಅದನ್ನು ದಾಟಿಸುತ್ತಿರುವುದು ಡಿಕಿಮ್ ಒಂದೇ. ಫಾರಂ ಸರ್ವಿಸ್‌ಗೆ ಹಾಕಿದ ರೆಕಾರ್ಡ್ ಅಳಿಸಿಬಿಡಿ. ರಿಟರ್ನ್-ಪಾತ್‌ಗೆ ಸಿನೇಮ್ ಮೂಲಕ ಪ್ರತ್ಯೇಕ ಸಬ್‌ಡೊಮೇನ್ ಸಿಕ್ಕಿದರೆ ಫಾರಂ ಸರ್ವಿಸ್‌ನ ಇನ್‌ಕ್ಲೂಡ್ (ಇನ್ನೊಬ್ಬರ ಎಸ್‌ಪಿಎಫ್ ಪಟ್ಟಿಯನ್ನು ಸೇರಿಸಿಕೊಳ್ಳುವ ಸಾಲು) ಮೂಲ ಡೊಮೇನ್‌ನಲ್ಲಿ ಬೇಕಾಗಿಯೇ ಇಲ್ಲ. ಸುಮ್ಮನೆ ಸೇರಿಸುತ್ತಾ ಹೋದರೆ 10 ಡಿಎನ್‌ಎಸ್ ಲುಕಪ್‌ಗಳ ಮಿತಿ ಬೇಗ ದಾಟುತ್ತದೆ. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ, ನೇರ ಐಪಿ ವಿಳಾಸಗಳು ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಸಿನೇಮ್ ಹಾಕಿದೆ, ಇನ್ನೂ ವೆರಿಫೈ ಆಗಿಲ್ಲ. ಡಿಮಾರ್ಕ್ ಈಗಲೇ ರಿಜೆಕ್ಟ್‌ಗೆ (ಫೇಲ್ ಆದ ಮೇಲ್ ತಿರಸ್ಕರಿಸಲು) ಇಡಬಹುದೇ?

ಉತ್ತರ 2:
ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಬರೆದಿದ್ದೀರಾ? ಎಷ್ಟೋ ಡಿಎನ್‌ಎಸ್ ಪ್ಯಾನೆಲ್‌ಗಳು ಕೊನೆಯಲ್ಲಿ ಡೊಮೇನ್ ತಾವೇ ಅಂಟಿಸುತ್ತವೆ, ಆಗ ಅದು ಎರಡು ಸಲ ಬಂದಿರುತ್ತದೆ. ಡಿಗ್ (dig, ಡಿಎನ್‌ಎಸ್ ರೆಕಾರ್ಡ್ ತೋರಿಸುವ) ಕಮಾಂಡ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಡಿಎನ್‌ಎಸ್ ಕ್ಲೌಡ್‌ಫ್ಲೇರ್‌ನಲ್ಲಿದ್ದರೆ ಈ ಸಿನೇಮ್‌ಗಳಿಗೆ ಪ್ರಾಕ್ಸಿ ಆಫ್ ಇರಬೇಕು.

ಉತ್ತರ 1:
ರಿಜೆಕ್ಟ್ ಈಗಲೇ ಬೇಡ. ಡಿಮಾರ್ಕ್ ರೆಕಾರ್ಡ್‌ನ 'ಪಿ' ಟ್ಯಾಗ್ ಮೊದಲು none (ಏನೂ ಕ್ರಮ ಬೇಡ) ಇರಲಿ, ರಿಪೋರ್ಟ್ ಬರಲು 'ರುವಾ' ಟ್ಯಾಗ್‌ನಲ್ಲಿ ವಿಳಾಸ ಕೊಡಿ. ಆ ವಿಳಾಸ ಬೇರೆ ಡೊಮೇನ್‌ನದ್ದಾದರೆ ಆ ಡೊಮೇನ್‌ನವರೂ ಅನುಮತಿಯ ಟಿಎಕ್ಸ್‌ಟಿ ರೆಕಾರ್ಡ್ ಹಾಕಿರಬೇಕು, ಇಲ್ಲದಿದ್ದರೆ ರಿಪೋರ್ಟ್ ಬರುವುದಿಲ್ಲ. ಸಾಮಾನ್ಯವಾಗಿ ದಿನಕ್ಕೊಂದರಂತೆ ಎಕ್ಸ್‌ಎಂಎಲ್ ಫೈಲ್ ಬರುತ್ತದೆ. ಎರಡು ಮೂರು ವಾರ ನೋಡಿ, ನಿಮ್ಮ ಎರಡೂ ಮೂಲಗಳು ಡಿಕಿಮ್‌ನಿಂದಲೇ ಹೊಂದುತ್ತಿದ್ದರೆ ಕ್ವಾರಂಟೀನ್ (ಫೇಲ್ ಆದದ್ದು ಸ್ಪ್ಯಾಮ್‌ಗೆ), ಆಮೇಲೆ ರಿಜೆಕ್ಟ್. ಡಿಕಿಮ್‌ನಿಂದಲೇ ಎಂದದ್ದಕ್ಕೆ ಕಾರಣವಿದೆ: ಯಾರಾದರೂ ಮೇಲ್ ಫಾರ್ವರ್ಡ್ ಹಾಕಿಕೊಂಡಿದ್ದರೆ ಕಳಿಸುವ ಐಪಿ ಬದಲಾಗಿ ನಿಮ್ಮ ಎಸ್‌ಪಿಎಫ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಳಗಿನ ಪಠ್ಯ, ಸಹಿಗೆ ಸೇರಿದ ಹೆಡರ್‌ಗಳನ್ನು ಮುಟ್ಟದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ.